ಇಂಗ್ಲಿಷ್ ವಾಕ್ಯ ಕೆಟ್ಟಾಗ ಅದರ ಒಳಗಿನ ಕನ್ನಡ ಹುಡುಕಿ: ಒಂದು ದೋಷ ನಿವಾರಣೆ ಕೈಪಿಡಿ

ರಾತ್ರಿ ಶಿಫ್ಟ್ ಮುಗಿಯುವ ಹೊತ್ತಿಗೆ ಎರಡನೇ ನಂಬರ್ ಪಂಪಿನ ಬೇರಿಂಗ್ ಸದ್ದು ಮಾಡತೊಡಗಿತು. ನಾನು ಆ ಪಂಪ್ ನಿಲ್ಲಿಸಿ ಸ್ಟ್ಯಾಂಡ್‌ಬೈ ಪಂಪ್ ಚಾಲೂ ಮಾಡಿದೆ. ಲಾಗ್ ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ‘ಪಂಪ್ ಟೂ ಬೇರಿಂಗ್ ಸೌಂಡ್. ಬೇರಿಂಗ್ ಚೇಂಜ್.’ ನನ್ನ ತಲೆಯಲ್ಲಿ ಇದ್ದದ್ದು ‘ಬೇರಿಂಗ್ ಚೇಂಜ್ ಮಾಡಬೇಕು’ ಅಂತ. ಬೆಳಗಿನ ಶಿಫ್ಟಿನವರು ಓದಿಕೊಂಡದ್ದು ‘ಬೇರಿಂಗ್ ಚೇಂಜ್ ಆಗಿದೆ’ ಅಂತ. ಅವರು ಪಂಪ್ ಓಡಿಸಿದರು. ಸ್ವಲ್ಪ ಹೊತ್ತಿಗೇ ಬೇರಿಂಗ್ ಜಾಮ್ ಆಗಿ ಶಾಫ್ಟ್ ಹಾಳಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಬಳ್ಳಾರಿ ಸುತ್ತಿನ ಒಂದು ಕಾರ್ಖಾನೆಯಲ್ಲಿ, ನಾನು ಎಲೆಕ್ಟ್ರಿಕಲ್ ಮೆಂಟೇನೆನ್ಸ್‌ಗೆ ಸೇರಿದ ಹೊಸದರಲ್ಲಿ ನಡೆದ ಮಾತು ಇದು.

ಆಗ ಎಲ್ಲರೂ ಹೇಳಿದ್ದು ಒಂದೇ: ‘ಗ್ರಾಮರ್ ಕಲಿ.’ ಗ್ರಾಮರ್ ಪುಸ್ತಕ ತಂದೆ. ಓದಿದೆ. ಅಲ್ಲಿ ನಿಯಮಗಳಿದ್ದವು, ಆದರೆ ನನ್ನ ವಾಕ್ಯ ಯಾಕೆ ಹಾಗೇ ಕೆಡುತ್ತದೆ ಅನ್ನುವುದಕ್ಕೆ ಉತ್ತರ ಇರಲಿಲ್ಲ. ಅದು ತಿಳಿಯಲು ವರ್ಷಗಳೇ ಬೇಕಾದವು. ಈಗ ಸಂಜೆ ಹೊತ್ತು ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು, ಹುಡುಗಿಯರು ಅರ್ಜಿ, ರಿಪೋರ್ಟ್, ಇ-ಮೇಲ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಸಿರುಗುಪ್ಪ, ಕಂಪ್ಲಿ, ಸಂಡೂರಿನವರು ಇರುತ್ತಾರೆ. ಆ ಕಡೆ ಗಂಗಾವತಿ, ಸಿಂಧನೂರಿನವರೂ ಇರುತ್ತಾರೆ. ಅವರ ಬರಹ ನೋಡಿ ನೋಡಿ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಕೆಟ್ಟ ಇಂಗ್ಲಿಷ್ ವಾಕ್ಯದ ಅಡಿಯಲ್ಲಿ ಸಾಮಾನ್ಯವಾಗಿ ಒಂದು ಸರಿಯಾದ ಕನ್ನಡ ವಾಕ್ಯ ಇರುತ್ತದೆ. ಆ ಕನ್ನಡ ವಾಕ್ಯ ಸಿಕ್ಕರೆ ದೋಷ ಎಲ್ಲಿದೆ ಅಂತ ಸಿಗುತ್ತದೆ.

ತಿದ್ದುವ ಮೊದಲು

ಮೋಟರ್ ತಿರುಗುತ್ತಿಲ್ಲ ಅಂದ ತಕ್ಷಣ ಯಾರೂ ಅದನ್ನು ಬಿಚ್ಚುವುದಿಲ್ಲ. ಸಪ್ಲೈ ಬಂದಿದೆಯಾ, ಫ್ಯೂಸ್ ಸರಿ ಇದೆಯಾ, ಓವರ್‌ಲೋಡ್ ರಿಲೇ ಟ್ರಿಪ್ ಆಗಿದೆಯಾ ಅಂತ ಒಂದೊಂದಾಗಿ ನೋಡುತ್ತೇವೆ. ವಾಕ್ಯಕ್ಕೂ ಹಾಗೇ ಮಾಡಿ. ಅನುಮಾನ ಬಂದ ವಾಕ್ಯವನ್ನು ಜೋರಾಗಿ ಓದಿ. ಆಮೇಲೆ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, ನೀವು ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ, ಏನು ಹೇಳಬೇಕಿತ್ತು ಅಂತ ಬರೆಯಿರಿ. ಪುಸ್ತಕದ ಕನ್ನಡ ಬೇಡ. ‘ಎರಡು ದಿನದಿಂದ ಜ್ವರ ಬಂದೈತಿ’ ಅಂತಲೇ ಬರೆಯಿರಿ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿರುವ ಯಾವ ತುಂಡು ಇಂಗ್ಲಿಷಿಗೆ ಬರಲಿಲ್ಲ? ಯಾವ ತುಂಡು ಬರಬಾರದಾಗಿತ್ತು, ಆದರೂ ಬಂತು? ಮುಂದಿನದೆಲ್ಲ ಈ ಎರಡು ಪ್ರಶ್ನೆಗಳ ವಿಸ್ತಾರ ಅಷ್ಟೇ.

ಲಕ್ಷಣ: ಕೆಲಸ ಆಗಿದೆಯೋ, ಆಗಬೇಕೋ ತಿಳಿಯುವುದಿಲ್ಲ

ನನ್ನ ಬೇರಿಂಗ್ ವಾಕ್ಯದ ದೋಷ ಇದೇ. ಇದು ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ, ಅಪಾಯವೂ ಜಾಸ್ತಿ. ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕೆಲಸದ ಜಾಗದಲ್ಲಿ ನಾವು ಆಡುವ ಕನ್ನಡದ ತುಂಬ ಇಂಗ್ಲಿಷ್ ಪದಗಳಿವೆ. ಚೇಂಜ್ ಮಾಡಿದೆ, ಚೇಂಜ್ ಮಾಡ್ತೀನಿ, ಚೇಂಜ್ ಮಾಡಬೇಕು, ಚೇಂಜ್ ಮಾಡಬೇಡಿ, ಚೇಂಜ್ ಆಯ್ತು, ಚೇಂಜ್ ಆಗಿಲ್ಲ. ಆರು ಮಾತು, ಆರು ಅರ್ಥ. ಆದರೆ ‘ಚೇಂಜ್’ ಆರರಲ್ಲೂ ಒಂದೇ. ಯಾವಾಗ, ಯಾರು, ಆಯಿತೋ ಇಲ್ಲವೋ ಅನ್ನುವುದನ್ನೆಲ್ಲ ಹೊತ್ತಿರುವುದು ಕೊನೆಯ ಕನ್ನಡ ತುಂಡು: ‘ಮಾಡು’ ಇಲ್ಲವೇ ‘ಆಗು’. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಕನ್ನಡ ಪದ ಬಿಡಬೇಕು ಅಂತ ಆ ತುಂಡನ್ನು ಬಿಡುತ್ತೇವೆ. ಅದರ ಜೊತೆಗೆ ಕಾಲವೂ ಹೋಗುತ್ತದೆ, ಕರ್ತೃವೂ ಹೋಗುತ್ತಾನೆ. ಉಳಿಯುವುದು ಬರೀ ‘ಚೇಂಜ್’.

ಹಾಗಾಗಿ ತಿದ್ದುವುದು ಸುಲಭ. ಬಿದ್ದುಹೋದ ‘ಮಾಡು’ವನ್ನು ಹುಡುಕಿ, ಅದರ ಕೆಲಸವನ್ನು ಇಂಗ್ಲಿಷ್ ಕ್ರಿಯಾಪದಕ್ಕೆ ಕೊಡಿ. ಚೇಂಜ್ ಮಾಡಿದೆ ಅಂದರೆ ‘ಐ ಚೇಂಜ್ಡ್ ಇಟ್’. ಮಾಡ್ತೀನಿ ಅಂದರೆ ‘ಐ ವಿಲ್ ಚೇಂಜ್ ಇಟ್’. ಮಾಡಬೇಕು ಅಂದರೆ ‘ಇಟ್ ಮಸ್ಟ್ ಬಿ ಚೇಂಜ್ಡ್’. ಆಗಿಲ್ಲ ಅಂದರೆ ‘ಇಟ್ ಹ್ಯಾಸ್ ನಾಟ್ ಬೀನ್ ಚೇಂಜ್ಡ್’. ಅಂದು ನಾನು ‘ದಿ ಬೇರಿಂಗ್ ಮಸ್ಟ್ ಬಿ ಚೇಂಜ್ಡ್. ಡು ನಾಟ್ ಸ್ಟಾರ್ಟ್ ದಿ ಪಂಪ್’ ಅಂತ ಬರೆದಿದ್ದರೆ ಶಾಫ್ಟ್ ಉಳಿಯುತ್ತಿತ್ತು.

‘ಮಾಡು’ ಮತ್ತು ‘ಆಗು’ ನಡುವಿನ ವ್ಯತ್ಯಾಸವನ್ನೂ ಬಿಡಬೇಡಿ. ‘ವೈರ್ ಕಟ್ ಮಾಡಿದೆ’ ಅನ್ನುವುದು ಬೇರೆ, ‘ವೈರ್ ಕಟ್ ಆಗಿತ್ತು’ ಅನ್ನುವುದು ಬೇರೆ. ಬ್ರೇಕ್‌ಡೌನ್ ರಿಪೋರ್ಟಿನಲ್ಲಿ ಬರೀ ‘ವೈರ್ ಕಟ್’ ಅಂತ ಇದ್ದರೆ ನೀವೇ ಕತ್ತರಿಸಿದಿರೋ, ನೀವು ಹೋಗುವ ಮೊದಲೇ ತುಂಡಾಗಿತ್ತೋ? ಓದುವವರಿಗೆ ಗೊತ್ತಾಗುವುದಿಲ್ಲ. ನಾಳೆ ವಿಚಾರಣೆ ಆದರೆ ಆ ಎರಡು ಪದ ನಿಮ್ಮ ತಲೆಗೇ ಬರಬಹುದು. ‘ಐ ಕಟ್ ದಿ ವೈರ್’ ಅಥವಾ ‘ಐ ಫೌಂಡ್ ದಿ ವೈರ್ ಕಟ್’ ಅಂತ ಪೂರ್ತಿ ಬರೆಯಿರಿ. ಕಟ್, ಪುಟ್, ಸೆಟ್, ಶಟ್ ಇವು ಭೂತಕಾಲದಲ್ಲೂ ರೂಪ ಬದಲಿಸುವುದಿಲ್ಲ. ಅದಕ್ಕೆ ಇವುಗಳ ಜೊತೆ ಯಾರು, ಯಾವಾಗ ಅನ್ನುವುದು ಇರಲೇಬೇಕು. ‘ವಾಲ್ವ್ ಶಟ್’ ಅನ್ನುವುದು ವರದಿಯೋ, ಅಪ್ಪಣೆಯೋ? ‘ಐ ಶಟ್ ದಿ ವಾಲ್ವ್ ಅಟ್ 5:40’ ಅಂದರೆ ಅನುಮಾನವೇ ಇಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ದೋಷ ಇದೆ. ಕನ್ನಡದಲ್ಲಿ ‘ಇವರು ನಮ್ಮ ಫೋರ್‌ಮನ್’ ಅಂದರೆ ವಾಕ್ಯ ಮುಗಿಯಿತು. ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ನಡೆಯುವುದಿಲ್ಲ. ಇದು ಶಾಲೆಯಲ್ಲೇ ಗೊತ್ತಾದವರು ಭಯಕ್ಕೆ ಎಲ್ಲ ಕಡೆ ‘ಆಮ್’, ‘ಈಸ್’ ಸೇರಿಸುತ್ತಾರೆ: ‘ಐ ಆಮ್ ಅಗ್ರೀ’, ‘ಐ ಆಮ್ ಕಂಪ್ಲೀಟೆಡ್ ಐಟಿಐ’. ಅಗ್ರೀ, ಕಂಪ್ಲೀಟ್ ಇವೇ ಕ್ರಿಯಾಪದಗಳು. ‘ಐ ಅಗ್ರೀ’, ‘ಐ ಕಂಪ್ಲೀಟೆಡ್ ಐಟಿಐ’ ಅಷ್ಟೇ ಸಾಕು.

ಲಕ್ಷಣ: ಕ್ರಿಯಾಪದ ಇದೆ, ಆದರೆ ಕಾಲ ತಪ್ಪಿದೆ

‘ದಿನಾ ಮೋಟರ್ ಚೆಕ್ ಮಾಡ್ತೀನಿ.’ ‘ನಾಳೆ ಮೋಟರ್ ಚೆಕ್ ಮಾಡ್ತೀನಿ.’ ಕನ್ನಡದಲ್ಲಿ ಎರಡಕ್ಕೂ ಒಂದೇ ‘ಮಾಡ್ತೀನಿ’. ರೂಢಿಗೂ ಅದೇ, ಮುಂದೆ ಮಾಡುವುದಕ್ಕೂ ಅದೇ. ನಾವು ‘ಮಾಡ್ತೀನಿ’ಗೆ ‘ವಿಲ್’ ಅಂತ ಕಲಿತು ‘ಡೈಲಿ ಐ ವಿಲ್ ಚೆಕ್ ದಿ ಮೋಟರ್ಸ್’ ಅನ್ನುತ್ತೇವೆ. ಇಂಟರ್‌ವ್ಯೂನಲ್ಲಿ ‘ಈಗ ಏನು ಕೆಲಸ ಮಾಡ್ತೀರಿ’ ಅಂತ ಕೇಳಿದಾಗ ಈ ಉತ್ತರ ಕೊಟ್ಟರೆ, ಇನ್ನು ಮುಂದೆ ಮಾಡುವ ಕೆಲಸದ ಮಾತು ಅಂತ ಎದುರಿನವರು ತಿಳಿಯಬಹುದು. ಪರೀಕ್ಷೆ ಹೀಗೆ: ಕನ್ನಡ ವಾಕ್ಯಕ್ಕೆ ‘ದಿನಾ’ ಸೇರಿಸಿ, ಆಮೇಲೆ ‘ನಾಳೆ’ ಸೇರಿಸಿ. ‘ದಿನಾ’ ಹೊಂದಿದರೆ ‘ವಿಲ್’ ತೆಗೆಯಿರಿ: ‘ಐ ಚೆಕ್ ದಿ ಮೋಟರ್ಸ್ ಡೈಲಿ’. ‘ನಾಳೆ’ ಹೊಂದಿದರೆ ಮಾತ್ರ ‘ವಿಲ್’ ಇರಲಿ.

ಇನ್ನೊಂದು, ‘ನಿನ್ನೆ ರಾಯಚೂರಿಗೆ ಹೋಗಿದ್ದೆ’. ಕನ್ನಡದಲ್ಲಿ ಎಷ್ಟು ಸಹಜ! ಹೋಗಿ ವಾಪಸ್ ಬಂದಿದ್ದೇನೆ ಅನ್ನುವ ಭಾವನೆಯೂ ಅದರಲ್ಲಿದೆ. ಅದೇ ದಾರಿಯಲ್ಲಿ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ರಾಯಚೂರು’ ಅಂತ ಬರೆದರೆ ಓದುವವರು ಮುಂದಿನ ವಾಕ್ಯಕ್ಕೆ ಕಾಯುತ್ತಾರೆ. ಯಾಕೆಂದರೆ ಇಂಗ್ಲಿಷಿನ ‘ಹ್ಯಾಡ್’ ಎರಡು ಘಟನೆಗಳಲ್ಲಿ ಮೊದಲು ಆದದ್ದನ್ನು ತೋರಿಸುತ್ತದೆ. ‘ನಾನು ಮುಟ್ಟುವ ಹೊತ್ತಿಗೆ ಬಸ್ಸು ಹೋಗಿತ್ತು’ ಅನ್ನುವಂಥ ಕಡೆ ಅದು ಬೇಕು. ಒಂದೇ ಘಟನೆ ಇದ್ದರೆ ‘ಐ ವೆಂಟ್ ಟು ರಾಯಚೂರು ಯೆಸ್ಟರ್‌ಡೇ’.

‘ನಿನ್ನೆ ಫ್ಯೂಸ್ ಹಾಕಿದ್ದೇನೆ’ ಅನ್ನುವುದೂ ಇದೇ ಜಾತಿ. ‘ಹಾಕಿದ್ದೇನೆ’ಗೆ ‘ಹ್ಯಾವ್ ಪುಟ್’ ಸರಿಯಾದ ಜೋಡಿಯೇ. ಆದರೆ ನಿನ್ನೆ, ಹೋದ ವಾರ, 2019ರಲ್ಲಿ ಅಂತ ಮುಗಿದ ಸಮಯ ಹೇಳಿದ ಮೇಲೆ ಇಂಗ್ಲಿಷಿನಲ್ಲಿ ‘ಹ್ಯಾವ್’ ಬರುವಂತಿಲ್ಲ. ಕನ್ನಡದಲ್ಲಿ ಈ ಅಡ್ಡಿ ಇಲ್ಲ. ಹಾಗಾಗಿ ನಮ್ಮ ಕಿವಿಗೆ ತಪ್ಪು ಕೇಳಿಸುವುದೇ ಇಲ್ಲ. ಕಣ್ಣಿನಿಂದ ಹುಡುಕಬೇಕು: ವಾಕ್ಯದಲ್ಲಿ ಹಳೆಯ ದಿನ, ತಾರೀಖು, ವರ್ಷ ಕಂಡರೆ ‘ಹ್ಯಾವ್’ ಇದೆಯಾ ಅಂತ ನೋಡಿ, ಇದ್ದರೆ ತೆಗೆಯಿರಿ.

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅನ್ನುವುದರ ಬಗ್ಗೆ ಬಹಳ ಜನ ಕೇಳುತ್ತಾರೆ. ನಾವು ಮಾತಾಡುವ ಕನ್ನಡದಲ್ಲಿ ‘ಹ್ಯಾವ್’ ಅನ್ನುವಂಥ ಕ್ರಿಯಾಪದವೇ ಇಲ್ಲ, ಗಮನಿಸಿದ್ದೀರಾ? ‘ನನಗೆ ಇಬ್ಬರು ಅಣ್ಣಂದಿರು ಇದ್ದಾರೆ’ ಅನ್ನುತ್ತೇವೆ. ‘ಇದ್ದಾರೆ’ ಅಂದರೆ ಈಗ ಇದ್ದಾರೆ, ಹಾಗಾಗಿ ‘ಹ್ಯಾವಿಂಗ್’ ಸರಿ ಅನ್ನಿಸುತ್ತದೆ. ಆದರೆ ಇರುವುದು, ಗೊತ್ತಿರುವುದು, ಬೇಕಿರುವುದು, ಸೇರಿರುವುದು ಇವು ಮಾಡುವ ಕೆಲಸಗಳಲ್ಲ, ಸ್ಥಿತಿಗಳು. ಸ್ಥಿತಿಗೆ ‘ಇಂಗ್’ ಹಚ್ಚಬೇಡಿ. ‘ಐ ಹ್ಯಾವ್’, ‘ಐ ನೋ’, ‘ಐ ವಾಂಟ್’. ಊಟ, ಚಹಾ ಇಂಥ ಕಡೆ ‘ಹ್ಯಾವಿಂಗ್’ ನಡೆಯುತ್ತದೆ. ಅಲ್ಲಿ ಅದು ನಿಜವಾಗಿ ಮಾಡುವ ಕೆಲಸ.

ಲಕ್ಷಣ: ಚಿಕ್ಕ ಪದಗಳು ತಪ್ಪು ಜಾಗದಲ್ಲಿವೆ

ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆಯಲ್ವಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಆ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಕನ್ನಡದ ಒಂದೇ ಪ್ರತ್ಯಯ ಇಂಗ್ಲಿಷಿನ ನಾಲ್ಕಾರು ಪದಗಳ ಕೆಲಸ ಮಾಡುತ್ತದೆ. ದೋಷ ಹುಟ್ಟುವುದು ಅಲ್ಲೇ.

‘ಇಂದ’ ತಗೊಳ್ಳಿ. ಬಳ್ಳಾರಿಯಿಂದ ಬಂದೆ ಅಂದರೆ ‘ಫ್ರಮ್’. ಸ್ಪ್ಯಾನರ್‌ನಿಂದ ಬಿಚ್ಚಿದೆ ಅಂದರೆ ‘ವಿತ್’. ಮ್ಯಾನೇಜರ್ ಅವರಿಂದ ಸಹಿ ಆಯಿತು ಅಂದರೆ ‘ಬೈ’. ಮಳೆಯಿಂದ ಕೆಲಸ ನಿಂತಿತು ಅಂದರೆ ‘ಬಿಕಾಸ್ ಆಫ್’. ಸೋಮವಾರದಿಂದ ಜ್ವರ ಅಂದರೆ ‘ಸಿನ್ಸ್’. ಎರಡು ದಿನದಿಂದ ಜ್ವರ ಅಂದರೆ ‘ಫಾರ್’. ಕೊನೆಯ ಎರಡರಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು: ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್.’

ಇದಕ್ಕೆ ಕನ್ನಡದಲ್ಲೇ ಪರೀಕ್ಷೆ ಇದೆ. ‘ಇಂದ’ದ ಹಿಂದಿನ ಪದವನ್ನು ಕ್ಯಾಲೆಂಡರಿನಲ್ಲಿ ಇಲ್ಲವೇ ಗಡಿಯಾರದಲ್ಲಿ ಬೆರಳಿಟ್ಟು ತೋರಿಸಬಹುದಾ? ಸೋಮವಾರವನ್ನು ತೋರಿಸಬಹುದು, 2021ನ್ನು ತೋರಿಸಬಹುದು, ಬೆಳಿಗ್ಗೆ ಆರು ಗಂಟೆಯನ್ನು ತೋರಿಸಬಹುದು. ಅಲ್ಲಿ ‘ಸಿನ್ಸ್’. ಬೆರಳಿಟ್ಟು ತೋರಿಸಲಾಗದೆ ಎಣಿಸಬೇಕಾದರೆ, ಅಂದರೆ ಎರಡು ದಿನ, ಐದು ವರ್ಷ, ಮೂರು ಗಂಟೆ ಹೊತ್ತು, ಅಲ್ಲಿ ‘ಫಾರ್’. ಇನ್ನೂ ನಡೆಯುತ್ತಿರುವ ಸಂಗತಿಯಾದರೆ ಕ್ರಿಯಾಪದವೂ ಬದಲಾಗಬೇಕು: ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಟೂ ಡೇಸ್’, ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2021’.

ನಮ್ಮ ಬಳ್ಳಾರಿಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಮನೆಮಾತಿನವರೂ ಬಹಳ. 1953ರವರೆಗೆ ಮದ್ರಾಸಿಗೆ ಸೇರಿದ್ದ ಊರು ಇದು. ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದವು. ಆದರೆ ನಮ್ಮ ಮನೆಗೆ ಬರುವ ತೆಲುಗು ಹುಡುಗನೂ, ಉರ್ದು ಹುಡುಗಿಯೂ ಇದೇ ‘ಸಿನ್ಸ್ ಟೂ ಡೇಸ್’ ಬರೆಯುತ್ತಾರೆ. ಯಾಕೆ ಅಂತ ಕೇಳಿ ನೋಡಿದೆ. ತೆಲುಗಿನಲ್ಲಿ ‘ರೆಂಡು ರೋಜುಲ ನುಂಚಿ’, ‘ಸೋಮವಾರಂ ನುಂಚಿ’. ಉರ್ದುವಿನಲ್ಲಿ ‘ದೋ ದಿನ್ ಸೇ’, ‘ಸೋಮವಾರ್ ಸೇ’. ಮೂರು ಮನೆಮಾತಿನಲ್ಲೂ ಎರಡಕ್ಕೂ ಒಂದೇ ಪದ! ಅಂದಿನಿಂದ ಯಾರಾದರೂ ‘ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ ಅಣ್ಣ’ ಅಂದರೆ ಮೊದಲು ಇದನ್ನೇ ತೋರಿಸುತ್ತೇನೆ. ತಲೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಅದು ಮನೆಮಾತಿನ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸುತ್ತಿದೆ.

‘ಗೆ’ ಪ್ರತ್ಯಯದ ಕಥೆ ಬೇರೆ. ಅದು ಎಲ್ಲಿ ಬಂದರೂ ನಾವು ‘ಟು’ ಹಾಕುತ್ತೇವೆ. ಊರಿಗೆ ಮುಟ್ಟಿದೆ, ಅದಕ್ಕೆ ‘ರೀಚ್ಡ್ ಟು ಕೊಪ್ಪಳ’. ಮೀಟಿಂಗಿಗೆ ಹಾಜರಾದೆ, ಅದಕ್ಕೆ ‘ಅಟೆಂಡೆಡ್ ಟು ದಿ ಮೀಟಿಂಗ್’. ನನಗೆ ಹೇಳಿದರು, ಅದಕ್ಕೆ ‘ಟೋಲ್ಡ್ ಟು ಮಿ’. ಮನೆಗೆ ಹೋದೆ, ಅದಕ್ಕೆ ‘ವೆಂಟ್ ಟು ಹೋಮ್’. ಈ ನಾಲ್ಕರಲ್ಲೂ ‘ಟು’ ಬೇಡ. ರೀಚ್, ಅಟೆಂಡ್, ಟೆಲ್ ಇವುಗಳ ಹೊಟ್ಟೆಯಲ್ಲೇ ‘ಗೆ’ ಇದೆ. ಹಾಗೇ ಡಿಸ್ಕಸ್, ಮೆನ್ಶನ್, ಡಿಸ್ಕ್ರೈಬ್ ಇವುಗಳ ಒಳಗೆ ‘ಬಗ್ಗೆ’ ಇದೆ. ‘ಡಿಸ್ಕಸ್ ಅಬೌಟ್ ದಿ ಸ್ಯಾಲರಿ’ ಅಲ್ಲ, ‘ಡಿಸ್ಕಸ್ ದಿ ಸ್ಯಾಲರಿ’. ಇದನ್ನು ಕಲಿತವರು ಮುಂದೆ ಹೋಗಿ ‘ಎಕ್ಸ್‌ಪ್ಲೇನ್ ಮಿ’ ಅನ್ನುತ್ತಾರೆ. ಅಲ್ಲಿ ‘ಟು’ ಬೇಕೇ ಬೇಕು: ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ಇದಕ್ಕೆ ಒಂದು ಸೂತ್ರ ಇಲ್ಲ. ಒಂದು ಪಾಕೆಟ್ ಡೈರಿಯಲ್ಲಿ ಕ್ರಿಯಾಪದವನ್ನು ಅದರ ಜೋಡಿಯ ಜೊತೆಗೇ ಬರೆದಿಟ್ಟುಕೊಳ್ಳಿ. ನನ್ನ ಡೈರಿಯಲ್ಲಿ ನಲವತ್ತರ ಹತ್ತಿರ ಇವೆ. ದಿನದ ಕೆಲಸಕ್ಕೆ ಅಷ್ಟು ಸಾಕಾಗಿದೆ.

‘ಅಲ್ಲಿ’ಯದು ಬೇಗ ಮುಗಿಯುತ್ತದೆ. ಗಂಟೆಗೆ ‘ಅಟ್’, ದಿನಕ್ಕೂ ತಾರೀಖಿಗೂ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’. ಊರಿಗೆ ‘ಇನ್’, ಊರಿನೊಳಗಿನ ಒಂದು ಗುರುತಿನ ಜಾಗಕ್ಕೆ ‘ಅಟ್’: ‘ಇನ್ ಬಳ್ಳಾರಿ’, ‘ಅಟ್ ದಿ ಬಸ್ ಸ್ಟ್ಯಾಂಡ್’.

ಲಕ್ಷಣ: ಎ, ಆನ್, ದಿ ಇಲ್ಲ, ಇಲ್ಲವೇ ಎಲ್ಲ ಕಡೆ ಇವೆ

ಕನ್ನಡದಲ್ಲಿ ಇವು ಇಲ್ಲ, ಹಾಗಾಗಿ ನಮಗೆ ಇವುಗಳ ಕೊರತೆ ಕಾಣುವುದಿಲ್ಲ ಅನ್ನುತ್ತಾರೆ. ಪೂರ್ತಿ ನಿಜ ಅಲ್ಲ. ‘ಪತ್ರ ತಂದೆ’ ಅನ್ನುವುದಕ್ಕೂ ‘ಪತ್ರವನ್ನು ತಂದೆ’ ಅನ್ನುವುದಕ್ಕೂ ಸ್ವಲ್ಪ ವ್ಯತ್ಯಾಸ ಕೇಳಿಸುತ್ತದಲ್ವಾ? ಎರಡನೆಯದರಲ್ಲಿ ಯಾವ ಪತ್ರ ಅಂತ ಇಬ್ಬರಿಗೂ ಗೊತ್ತು. ಆ ಅರಿವನ್ನೇ ಬಳಸಿ. ಪದದ ಹಿಂದೆ ‘ಯಾವುದೋ ಒಂದು’ ಸೇರಿಸಿ ನೋಡಿ, ಹೊಂದಿದರೆ ‘ಎ’. ‘ಆ’ ಅಥವಾ ‘ಅದೇ’ ಸೇರಿಸಿ ನೋಡಿ, ಹೊಂದಿದರೆ ‘ದಿ’. ‘ಒಂದು ಲೆಟರ್ ಬಂತು. ಆ ಲೆಟರ್‌ನಲ್ಲಿ ತಾರೀಖು ಇರಲಿಲ್ಲ’ ಅನ್ನುವುದು ‘ಎ ಲೆಟರ್ ಕೇಮ್. ದಿ ಲೆಟರ್ ಹ್ಯಾಡ್ ನೋ ಡೇಟ್’ ಆಗುತ್ತದೆ. ಊರಿನ ಹೆಸರಿಗೆ ಎರಡೂ ಬೇಡ. ಆದರೆ ನದಿಯ ಹೆಸರಿಗೆ ‘ದಿ’ ಬೇಕು: ‘ದಿ ತುಂಗಭದ್ರಾ’.

‘ಎ’ಯೋ ‘ಆನ್’ಓ ಅನ್ನುವುದಕ್ಕೆ ಕನ್ನಡ ಲಿಪಿಯೇ ನಮಗೊಂದು ಉಪಕರಣ. ಇಂಗ್ಲಿಷ್ ಅಕ್ಷರ ನೋಡಬೇಡಿ. ಆ ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರ ಆದರೆ ‘ಆನ್’, ವ್ಯಂಜನ ಆದರೆ ‘ಎ’. ‘ಯುನಿವರ್ಸಿಟಿ’ ಶುರುವಾಗುವುದು ‘ಯ’ದಿಂದ, ಹಾಗಾಗಿ ‘ಎ ಯುನಿವರ್ಸಿಟಿ’. ಗಂಟೆ ಅನ್ನುವ ‘ಅವರ್’ ಶುರುವಾಗುವುದು ‘ಅ’ದಿಂದ, ಹಾಗಾಗಿ ‘ಆನ್ ಅವರ್’. ‘ಆನ್ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್’, ‘ಆನ್ ಎಫ್‌ಐಆರ್’, ‘ಆನ್ ಐಟಿಐ’. ಒಂದು ಎಚ್ಚರಿಕೆ: ನಾವು ಬಾಯಲ್ಲಿ ‘ಯೆಸ್ಸೆಸ್ಸೆಲ್ಸಿ’, ‘ಯೆಮ್ಮೆಲ್ಲೆ’ ಅನ್ನುತ್ತೇವೆ. ಆ ‘ಯ’ ನಮ್ಮ ನಾಲಿಗೆಯದು, ಇಂಗ್ಲಿಷಿನದಲ್ಲ. ಇನ್ನು ‘ಒನ್’ ಅಂತ ಬರೆದರೂ ಅದರ ಉಚ್ಚಾರ ‘ವನ್’, ಅದಕ್ಕೆ ‘ಎ ಒನ್-ಡೇ ಮ್ಯಾಚ್’.

ಲಕ್ಷಣ: ವ್ಯಾಕರಣ ಸರಿ ಇದೆ, ಆದರೂ ಓದುವವರಿಗೆ ಬೇಜಾರಾಗುತ್ತದೆ

ಇದನ್ನು ಗ್ರಾಮರ್ ಪುಸ್ತಕ ಹೇಳುವುದಿಲ್ಲ. ‘ಆರ್ಡರ್ ಕಾಪಿ ಕಳ್ಸಿರಿ’ ಅಂದಾಗ ಮರ್ಯಾದೆ ಆ ‘ರಿ’ಯಲ್ಲೇ ಇದೆ. ಇಂಗ್ಲಿಷಿಗೆ ತಂದಾಗ ‘ಸೆಂಡ್ ದಿ ಆರ್ಡರ್ ಕಾಪಿ’ ಆಗುತ್ತದೆ. ‘ರಿ’ ಬಿದ್ದುಹೋಯಿತು, ಬರೀ ಅಪ್ಪಣೆ ಉಳಿಯಿತು. ಬರೆದವರಿಗೆ ಏನೋ ಕಡಿಮೆ ಆಯಿತು ಅನ್ನಿಸಿ ‘ಸರ್ ಪ್ಲೀಸ್ ಕೈಂಡ್ಲಿ ಸೆಂಡ್ ಸರ್’ ಅಂತ ತುಂಬುತ್ತಾರೆ. ಇಂಗ್ಲಿಷಿನಲ್ಲಿ ಮರ್ಯಾದೆ ಬರುವುದು ಅಪ್ಪಣೆಯನ್ನು ಪ್ರಶ್ನೆ ಮಾಡಿದಾಗ: ‘ಕುಡ್ ಯು ಪ್ಲೀಸ್ ಸೆಂಡ್ ಮಿ ದಿ ಆರ್ಡರ್ ಕಾಪಿ?’ ಒಂದು ‘ಪ್ಲೀಸ್’ ಸಾಕು. ‘ಸರ್’ ಪತ್ರದ ಮೇಲೆ ಒಂದು ಸಲ ಬಂದರೆ ಸಾಕು.

‘ಕೈಂಡ್ಲಿ ಡು ದಿ ನೀಡ್‌ಫುಲ್’ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ ಇದೆ. ತಪ್ಪು ಅಂತ ಅಲ್ಲ, ಆದರೆ ಅದು ಕೆಲಸ ಮಾಡುವುದಿಲ್ಲ. ಆಫೀಸಿನವರು ಏನು ಮಾಡಬೇಕು ಅಂತ ನೀವೇ ಹೇಳಬೇಕು. ‘ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ತಿದ್ದಿಕೊಡಿ’ ಅನ್ನುವುದು ಬೇಡಿಕೆ. ‘ನೀಡ್‌ಫುಲ್’ ಬೇಡಿಕೆ ಅಲ್ಲ. ‘ಲ್ಯಾಕ್’, ‘ಕ್ರೋರ್’ ಇಂಥವು ನಮ್ಮ ದೇಶದ ಇಂಗ್ಲಿಷಿನ ಒಳ್ಳೆಯ ಪದಗಳು, ಅವನ್ನು ತಿದ್ದಬೇಕಿಲ್ಲ. ‘ಪಾಸ್ಡ್ ಔಟ್’ ಮಾತ್ರ ಹೊರದೇಶದವರು ಓದುವ ಕಾಗದದಲ್ಲಿ ಬೇಡ, ಅವರಿಗೆ ಅದು ಪ್ರಜ್ಞೆ ತಪ್ಪಿದ ಹಾಗೆ ಕೇಳುತ್ತದೆ.

ಚಿಕ್ಕ ದೋಷಗಳು

ಕನ್ನಡದಲ್ಲಿ ಕೇಳಿದ್ದನ್ನು ಹಾಗೇ ಬರೆಯಬಹುದು. ಇಂಗ್ಲಿಷಿನಲ್ಲಿ ಕಿವಿ ಸಾಲದು. ಗಾಡಿಯ ಬ್ರೇಕ್, ಮುರಿಯುವ ಬ್ರೇಕ್ ಕೇಳಲು ಒಂದೇ. ಗಾಡಿಯದ್ದು ‘ಕೆಇ’ಯಿಂದ ಮುಗಿಯುತ್ತದೆ. ಸಡಿಲ ಬೋಲ್ಟಿನ ಲೂಸ್‌ಗೆ ಎರಡು ‘ಓ’, ಕಳೆದುಕೊಳ್ಳುವುದಕ್ಕೆ ಒಂದೇ ‘ಓ’. ‘ಇಟ್ಸ್’ ಪದಕ್ಕೆ ಅಪಾಸ್ಟ್ರಫಿ ಬೇಕಾ ಅಂತ ಅನುಮಾನ ಬಂದರೆ ಅಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಹಾಕಿ ಓದಿ. ಎರಡೂ ಹೊಂದದಿದ್ದರೆ ಅಪಾಸ್ಟ್ರಫಿ ಬೇಡ.

‘ಐದು ಬೋಲ್ಟ್’ ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ‘ಫೈವ್ ಬೋಲ್ಟ್ಸ್’. ಆದರೆ ಇನ್‌ಫರ್ಮೇಶನ್, ಎಕ್ವಿಪ್‌ಮೆಂಟ್, ಫರ್ನಿಚರ್, ಅಡ್ವೈಸ್ ಇವಕ್ಕೆ ‘ಎಸ್’ ಇಲ್ಲ. ‘ಒನ್ ಆಫ್ ಮೈ’ ಆದ ಮೇಲೆ ಬಹುವಚನ: ‘ಒನ್ ಆಫ್ ಮೈ ಫ್ರೆಂಡ್ಸ್’. ಆದರೆ ಕ್ರಿಯಾಪದ ಆ ಒಬ್ಬನಿಗೆ ಸೇರಿದ್ದು, ಹಾಗಾಗಿ ‘ಈಸ್’.

ಊರಿನ ಹೆಸರು ನೋಡಿಕೊಳ್ಳಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಮ್ಮ ಊರು ಬಳ್ಳಾರಿಯೇ: ಬಿ, ಎ, ಎರಡು ಎಲ್, ಎ, ಆರ್, ಐ. ಹಳೆಯ ಸರ್ಟಿಫಿಕೇಟಿನಲ್ಲಿ ಹಳೆಯ ಸ್ಪೆಲ್ಲಿಂಗ್ ಇರುತ್ತದೆ. ಅದನ್ನು ನೋಡಿ ಬರೆಯುವಾಗ ಒಂದೇ ಅರ್ಜಿಯಲ್ಲಿ ಎರಡು ಸ್ಪೆಲ್ಲಿಂಗ್ ಬಂದುಬಿಡುತ್ತವೆ. ಹೊಸಪೇಟೆಯವರು ವಿಳಾಸದಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ ಅಂತ ಬರೆಯುವುದುಂಟು. 2021ರಿಂದ ಅದು ವಿಜಯನಗರ ಜಿಲ್ಲೆ.

ಫೋನ್ ತಿದ್ದಿದ ಮೇಲೂ ತಪ್ಪು ಉಳಿದರೆ

ಗ್ರಾಮರ್ಲಿ, ಗೂಗಲ್ ಟ್ರಾನ್ಸ್‌ಲೇಟ್ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಅವು ನೋಡುವುದು ನೀವು ಬರೆದದ್ದನ್ನು. ನೀವು ಹೇಳಬೇಕೆಂದದ್ದು ಅವಕ್ಕೆ ಗೊತ್ತಿಲ್ಲ. ‘ಬೇರಿಂಗ್ ಚೇಂಜ್’ ಅನ್ನುವುದನ್ನು ಅವು ‘ದಿ ಬೇರಿಂಗ್ ವಾಸ್ ಚೇಂಜ್ಡ್’ ಅಂತ ಚೆಂದವಾಗಿ ತಿದ್ದಿ ಕೊಟ್ಟರೆ ವ್ಯಾಕರಣ ಸರಿ, ಸುದ್ದಿ ಸುಳ್ಳು. ಹಾಗಾಗಿ ಯಂತ್ರ ಕೊಟ್ಟ ವಾಕ್ಯವನ್ನು ತಿರುಗಿ ನಿಮ್ಮ ಮನೆಯ ಕನ್ನಡಕ್ಕೆ ತನ್ನಿ. ಮೊದಲು ಪೆನ್ಸಿಲ್ಲಿನಲ್ಲಿ ಬರೆದ ಕನ್ನಡಕ್ಕೆ ಹೊಂದಿದರೆ ಮಾತ್ರ ಕಳಿಸಿ.

ಒಂದು ಅರ್ಜಿ ಬಿಚ್ಚಿ ನೋಡೋಣ

ಗಂಗಾವತಿ ಕಡೆಯ ಹುಡುಗ. ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ‘ಅಣ್ಣಾ, ಇದೊಂದು ನೋಡ್ರಿ’ ಅಂತ ಫೋನ್ ಕೊಟ್ಟ. ಅದರಲ್ಲಿ ಹೀಗಿತ್ತು: ‘ವಿತ್ ರೆಫರೆನ್ಸ್ ಟು ಅಬವ್ ಸಬ್ಜೆಕ್ಟ್, ಐ ಆಮ್ ಪಾಸ್ಡ್ ಔಟ್ ಡಿಪ್ಲೊಮಾ ಇನ್ 2021. ಐ ಆಮ್ ವರ್ಕಿಂಗ್ ಇನ್ ರೈಸ್ ಮಿಲ್ ಸಿನ್ಸ್ ಟೂ ಇಯರ್ಸ್. ಡೈಲಿ ಐ ವಿಲ್ ಮೇಂಟೇನ್ ಮೋಟರ್ಸ್. ಐ ಆಮ್ ಹ್ಯಾವಿಂಗ್ ಗುಡ್ ನಾಲೆಜ್. ಕೈಂಡ್ಲಿ ಡು ದಿ ನೀಡ್‌ಫುಲ್.’

ನಾನು ತಿದ್ದಲಿಲ್ಲ. ‘ಕನ್ನಡದಾಗ ಹೇಳಪ್ಪ’ ಅಂದೆ. ಅವನು ಹೇಳಿದ: ‘2021ರಾಗ ಡಿಪ್ಲೊಮಾ ಮುಗಿಸೀನ್ರಿ. ಎರಡು ವರ್ಷದಿಂದ ಮಿಲ್ಲಿನಾಗ ಅದೀನಿ. ಹನ್ನೆರಡು ಮೋಟರ್ ನನ್ನ ಕೈಯಾಗ ಅವ. ದಿನಾ ನೋಡ್ತೀನಿ, ರಿಜಿಸ್ಟರ್ ಬರೀತೀನಿ. ಹೋದ ಸುಗ್ಗಿಯಾಗ ಒಂದೂ ಮೋಟರ್ ಸುಟ್ಟಿಲ್ರಿ.’

ಹನ್ನೆರಡು ಮೋಟರ್, ಸುಗ್ಗಿಯಲ್ಲಿ ಒಂದೂ ಸುಟ್ಟಿಲ್ಲ. ಇಷ್ಟು ಒಳ್ಳೆಯ ಮಾತು ಅರ್ಜಿಯಲ್ಲಿ ಇರಲೇ ಇಲ್ಲ. ಅದರ ಜಾಗದಲ್ಲಿ ‘ಗುಡ್ ನಾಲೆಜ್’ ಕೂತಿತ್ತು. ಇಬ್ಬರೂ ಕೂತು ಒಂದೊಂದೇ ಪ್ರತ್ಯಯ ನೋಡುತ್ತ ಹೊಸದಾಗಿ ಬರೆದೆವು. ‘2021ರಾಗ’ ಅಂತ ಮುಗಿದ ವರ್ಷ ಇದೆ, ಹಾಗಾಗಿ ‘ಹ್ಯಾವ್’ ಇಲ್ಲ: ‘ಐ ಕಂಪ್ಲೀಟೆಡ್ ಎ ಡಿಪ್ಲೊಮಾ ಇನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಇನ್ 2021.’ ‘ಎರಡು ವರ್ಷದಿಂದ’ ಎಣಿಸುವಂಥದ್ದು, ಇನ್ನೂ ನಡೆಯುತ್ತಿದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ರೈಸ್ ಮಿಲ್ ಇನ್ ಗಂಗಾವತಿ ಫಾರ್ ಟೂ ಇಯರ್ಸ್.’ ‘ದಿನಾ’ ಹೊಂದುತ್ತದೆ, ‘ವಿಲ್’ ಹೋಯಿತು: ‘ಐ ಮೇಂಟೇನ್ ಟ್ವೆಲ್ವ್ ಮೋಟರ್ಸ್ ಆಂಡ್ ಕೀಪ್ ದೇರ್ ರೆಕಾರ್ಡ್ಸ್.’ ‘ಸುಟ್ಟಿಲ್ಲ’ ಕನ್ನಡದಲ್ಲಿ ‘ಹ್ಯಾಸ್ ನಾಟ್’ ಥರ ಕೇಳುತ್ತದೆ, ಆದರೆ ‘ಹೋದ ಸುಗ್ಗಿ’ ಮುಗಿದಿದೆ: ‘ನಾಟ್ ಒನ್ ಮೋಟರ್ ಬರ್ನ್ಟ್ ಔಟ್ ಡ್ಯೂರಿಂಗ್ ದಿ ಲಾಸ್ಟ್ ಹಾರ್ವೆಸ್ಟ್ ಸೀಸನ್.’ ‘ನೀಡ್‌ಫುಲ್’ ಜಾಗಕ್ಕೆ ಅವನಿಗೆ ಬೇಕಾದ ಹುದ್ದೆಯ ಹೆಸರು ಬಂತು.

ಹೊರಡುವಾಗ ಅವನು ಇನ್ನೊಂದು ಕೇಳಿದ. ಹಿಂದಿನ ಇಂಟರ್‌ವ್ಯೂನಲ್ಲಿ ‘ಹ್ಯಾವಂಟ್ ಯು ವರ್ಕ್ಡ್ ಆನ್ ಎಚ್‌ಟಿ ಪ್ಯಾನೆಲ್ಸ್?’ ಅಂದಿದ್ದರಂತೆ. ಎಚ್‌ಟಿ ಅಂದರೆ ಹೈ ಟೆನ್ಷನ್, ಹೆಚ್ಚು ವೋಲ್ಟೇಜಿನದು. ಇವನು ‘ಯೆಸ್ ಸರ್’ ಅಂದ. ಅವರು ಪ್ಯಾನೆಲ್ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು, ಇವನಿಗೆ ಗೊತ್ತಿರಲಿಲ್ಲ. ‘ಸುಳ್ಳು ಹೇಳಿದೆ ಅಂದ್ಕೊಂಡ್ರು ಅಣ್ಣಾ.’ ಅವನು ಸುಳ್ಳು ಹೇಳಿರಲಿಲ್ಲ. ‘ಮಾಡಿಲ್ವಾ?’ ಅಂತ ಕೇಳಿದರೆ ಕನ್ನಡದಲ್ಲಿ ‘ಹೌದು, ಮಾಡಿಲ್ಲ’ ಅನ್ನುತ್ತೇವೆ. ಪ್ರಶ್ನೆ ಕೇಳಿದವರ ಮಾತನ್ನು ಒಪ್ಪುತ್ತೇವೆ. ಇಂಗ್ಲಿಷಿನಲ್ಲಿ ಒಪ್ಪುವುದು ಬಿಟ್ಟು ಕೆಲಸ ಮಾಡಿದ್ದೀರೋ ಇಲ್ಲವೋ ಅಷ್ಟನ್ನೇ ನೋಡಬೇಕು. ಮಾಡಿಲ್ಲ ಅಂದರೆ, ಪ್ರಶ್ನೆ ಹೇಗೇ ಇರಲಿ, ‘ನೋ, ಐ ಹ್ಯಾವಂಟ್’. ಮೆಟ್ಟಿಲ ಮೇಲೆ ನಿಂತೇ ಹತ್ತು ಸಲ ಕೇಳಿದೆ, ಹತ್ತು ಸಲ ಹೇಳಿಸಿದೆ. ಕೊನೆಯ ನಾಲ್ಕು ಸಲ ತಡೆಯದೆ ಹೇಳಿದ.